ಏಣಿಯ ಪರವಾಗಿ

ಸೆಪ್ಟೆಂಬರ್ 9, ಸೋಮವಾರ

ಕಿಪ್ ರಾಡೆಮೇಕರ್ ಇವತ್ತು ಪಾಲುದಾರರನ್ನೆಲ್ಲ ಮೇಲಿನ ಮಹಡಿಯಲ್ಲಿ ಕೂಡಿಸಿಕೊಂಡು, ನಾವೆಲ್ಲ ಎಷ್ಟು ದಡ್ಡರು ಎಂಬುದನ್ನು ಪರದೆಯ ಮೇಲೆ ಬಣ್ಣದ ಚಿತ್ರ ಹಾಕಿ ವಿವರಿಸಿದ. ಅಧ್ಯಕ್ಷನಾಗಿ ವರ್ಷ ತುಂಬಿಲ್ಲ. ಆಗಲೇ ಅವನ ಕಣ್ಣಿಗೆ ಲುಂಡ್ ಹೇಸ್ಟನ್ ಎಂಬ ಈ ಹಳೆಯ ವಕೀಲರ ಫರ್ಮು ನಾಳೆಯೋ ನಾಡಿದ್ದೋ ಬಾಗಿಲು ಹಾಕುವಂತೆ ಕಾಣುತ್ತಿದೆ. ಪಕ್ಕದಲ್ಲಿ ಬಾಸ್ಟನ್‌ನಿಂದ ಕರೆಸಿದ ಇಬ್ಬರು ಸಲಹೆಗಾರರು. ಇಬ್ಬರೂ ಒಂದೇ ಅಂಗಡಿಯ ಕನ್ನಡಕ ಹಾಕಿಕೊಂಡು, ಅವನು ಬಾಯಿ ತೆರೆದಾಗಲೆಲ್ಲ ತಲೆಯಾಡಿಸುತ್ತಿದ್ದರು.

ಅವರ ಕಣ್ಣು ಬಿದ್ದಿರುವುದು ನಮ್ಮ ಏಣಿಯ ಮೇಲೆ. ಇಲ್ಲಿ ಒಂದೇ ವರ್ಷ ಪಾಲುದಾರರಾದವರು ಒಂದೇ ಮೆಟ್ಟಿಲಲ್ಲಿ ನಿಲ್ಲುತ್ತಾರೆ, ಒಂದೇ ಪಾಲು ತೆಗೆದುಕೊಳ್ಳುತ್ತಾರೆ, ವರ್ಷಕ್ಕೊಂದು ಮೆಟ್ಟಿಲು ಏರುತ್ತಾರೆ. ಕಕ್ಷಿದಾರನನ್ನು ಕರೆತಂದವರು ಯಾರು, ಕೂತು ದುಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಅದರಿಂದಲೇ ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಹೋಗಿ ಕೇಳಲು ಇಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕಿಪ್‌ನ ಪ್ರಕಾರ ಇದು ಸೋಮಾರಿಗಳ ಛತ್ರ. ತಂದವರಿಗೆ ದೊಡ್ಡ ಪಾಲು, ದುಡಿದವರಿಗೆ ಸಣ್ಣದು, ಉಳಿದವರಿಗೆ ಒಂದು ನಮಸ್ಕಾರ. ಇದು ಅವನ ಯೋಜನೆ.

ಮಾರ್ಚ್‌ನಲ್ಲಿ ಮತಕ್ಕೆ ಹಾಕುತ್ತಾರೆ. ಅಲ್ಲಿಯವರೆಗೆ ದುಡ್ಡು ಏಣಿಯ ಪ್ರಕಾರವೇ ಹಂಚಿಕೆಯಾಗುತ್ತದೆ, ಆದರೆ ಪಕ್ಕದಲ್ಲಿ ಒಂದು ತಾಲೀಮಿನ ಲೆಕ್ಕ ನಡೆಯುತ್ತದಂತೆ. ಹೊಸ ಕಡತ ತೆರೆದಾಗಲೆಲ್ಲ ‘ತಂದವರು’ ಎಂಬಲ್ಲಿ ಹೆಸರು ಬರೆಯಬೇಕು. ಇನ್ನೊಬ್ಬರ ನೆರವು ಪಡೆದರೆ ಅವರಿಗೂ ಅದರಲ್ಲಿ ಒಂದು ತುಂಡು ಮುರಿದು ಕೊಡಬೇಕು. ಬರೀ ಕುತೂಹಲಕ್ಕೆ ಎಂದು ಕಿಪ್ ನಕ್ಕ. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಅರ್ವಿಡ್ ಸ್ಯಾಂಡೆಲ್ ಜೊತೆ ಊಟ. ನಾವಿಬ್ಬರೂ ಒಂದೇ ವರ್ಷ ಪಾಲುದಾರರಾದವರು, ನಮ್ಮ ಕೋಣೆಗಳ ಮಧ್ಯೆ ಇರುವುದು ಒಂದೇ ಕೋಣೆ. ನನ್ನದು ಕಂಪನಿಗಳನ್ನು ಕೊಳ್ಳುವ ಮಾರುವ ಕೆಲಸ, ಅವನದು ತೆರಿಗೆ. ತಾನಾಗಿ ಅವನು ಒಬ್ಬ ಕಕ್ಷಿದಾರನನ್ನೂ ತಂದವನಲ್ಲ. ಆದರೆ ಅವನು ಕಣ್ಣು ಹಾಯಿಸದೆ ನಮ್ಮ ಫರ್ಮಿನಿಂದ ಒಂದು ಕಂಪನಿಯೂ ಮಾರಾಟವಾಗಿದ್ದಿಲ್ಲ. ಬೀಫ್ ಸ್ಯಾಂಡ್‌ವಿಚ್ಚಿನ ಸಾರು ತಾಗದಂತೆ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಕೂತಿದ್ದ.

“ಇದು ಬಂದ್ರೆ ನಾನು ಮನೆಗೆ ಹೋದ ಹಾಗೇನೇ,” ಎಂದ. “ಅರವತ್ತು ದಾಟಿದ ತೆರಿಗೆ ವಕೀಲ, ಕೈಲಿ ಒಬ್ಬ ಕ್ಲೈಂಟಿಲ್ಲ. ಬೇರೆ ಯಾರು ಸೇರಿಸ್ಕೋತಾರೆ ಹೇಳು.”

“ನಾನಿರೋವರೆಗೂ ಅದು ಬರಲ್ಲ,” ಎಂದೆ.

ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಆ ಹುಡುಗನನ್ನು ಮಾರ್ಚ್‌ನಲ್ಲಿ ಎಲ್ಲರೆದುರು ಸೋಲಿಸುತ್ತೇನೆ.

ಸೆಪ್ಟೆಂಬರ್ 24, ಮಂಗಳವಾರ

ನಮ್ಮ ಟೆಸ್ ಮ್ಯಾರಿನೆಕ್ ಫೋನ್ ಮಾಡಿದ್ದರು. ಊರಾಚೆಯ ಸಿಸೆರೋದಲ್ಲಿ ಬೇಕರಿಗಳಿಗೆ ಒಲೆ ಮಾಡುವ ಕಾರ್ಖಾನೆ ಅವರದು, ಅಪ್ಪನ ಕಾಲದ್ದು. ಎಪ್ಪತ್ತು ದಾಟಿತು, ಮಕ್ಕಳಿಲ್ಲ, ಮಂಡಿ ಕೈಕೊಟ್ಟಿದೆ. ಒಹಾಯೊದ ಒಂದು ಕಂಪನಿ ಒಳ್ಳೆಯ ಬೆಲೆಗೆ ಕೊಳ್ಳಲು ಮುಂದೆ ಬಂದಿದೆ.

“ಮಾರ್ಬಿಡ್ತೀನಿ ಕಣೇ ಮೊರೀನ್, ಸಾಕಾಗಿದೆ. ಆದ್ರೆ ಹಳೇ ಕೆಲಸಗಾರರಿಗೆ ಅದ್ರಲ್ಲಿ ಒಂದೊಂದು ಪಾಲು ಕೊಟ್ಟೇ ನಾನು ಹೊರಗೆ ಕಾಲಿಡೋದು. ಅವರಿಗೆ ಆಗ್ಲೇ ಮಾತು ಕೊಟ್ಟಾಗಿದೆ,” ಎಂದರು.

ಈ ಕುಟುಂಬವನ್ನು ನನ್ನ ಕೈಗೆ ಹಾಕಿದ್ದು ಆಗ ನಮ್ಮ ಹಿರಿಯ ಪಾಲುದಾರನಾಗಿದ್ದ ಹ್ಯೂ ಲುಂಡ್. ಅವನು ನಿವೃತ್ತನಾಗುವ ವಾರ ನನ್ನನ್ನು ಸಿಸೆರೋಗೆ ಕರೆದುಕೊಂಡು ಹೋಗಿ, ಇನ್ನು ಮುಂದೆ ಇವಳು ಎಂದು ಟೆಸ್‌ಗೆ ಹೇಳಿ, ಅವರು ಕೊಟ್ಟ ಕೊಲಾಚೆ ಎಂಬ ಹಣ್ಣು ತುಂಬಿದ ಸಿಹಿ ಬನ್ನು ತಿಂದು ಬಂದ. ಅಷ್ಟೇ. ಏನನ್ನೂ ಬರೆಸಿಕೊಳ್ಳಲಿಲ್ಲ. ಏಣಿ ಅಂದರೆ ಅದು. ಕಿಪ್‌ನಂಥವರಿಗೆ ನೂರು ಚಿತ್ರ ಹಾಕಿದರೂ ಅರ್ಥವಾಗದ ವಿಷಯ.

ಕಡತ ತೆರೆದೆ. ‘ತಂದವರು’ ಎಂಬ ಜಾಗದಲ್ಲಿ ನನ್ನ ಹೆಸರನ್ನೇ ಪೂರ್ತಿ ಬರೆದೆ. ಸತ್ತು ಮಣ್ಣಾದ ಹ್ಯೂನ ಹೆಸರು ಬರೆದರೆ ಕಿಪ್‌ನ ಕಂಪ್ಯೂಟರು ಒಪ್ಪುವುದಿಲ್ಲ.

ಅಕ್ಟೋಬರ್ 11, ಶುಕ್ರವಾರ

ನಮ್ಮ ಇನ್ನೊಬ್ಬ ಪಾಲುದಾರ ಗ್ಯಾರಿಕ್ ಪೆಲ್‌ನ ಯೋಗ್ಯತೆ ಇವತ್ತು ಗೊತ್ತಾಯಿತು. ಒಂದು ಚಾಕಲೇಟ್ ಕಂಪನಿಯ ಕೆಲಸವನ್ನು ನಾಲ್ಕು ವರ್ಷ ನಾವಿಬ್ಬರೂ ಸೇರಿ ಮಾಡಿದ್ದೇವೆ. ನಿನ್ನೆ ಆ ಕಂಪನಿಯವರು ಕಚೇರಿಗೆ ಬಂದು ಹೋದರಂತೆ, ನನಗೆ ಒಂದು ಮಾತು ಹೇಳಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ. ನಿಮಗೆ ಯಾಕೆ ಸುಮ್ಮನೆ ತೊಂದರೆ ಎಂದ, ಮುಖ ನೋಡದೆ. ನನ್ನನ್ನು ಕರೆದಿದ್ದರೆ ತಾಲೀಮಿನ ಲೆಕ್ಕದಲ್ಲಿ ನನಗೊಂದು ತುಂಡು ಕೊಡಬೇಕಿತ್ತಲ್ಲ, ಅದಕ್ಕೆ. ಕಿಪ್ ಇನ್ನೂ ಒಂದು ಕಾಸು ಹಂಚಿಲ್ಲ, ಆಗಲೇ ಇವರೆಲ್ಲ ತಟ್ಟೆಯನ್ನು ಕೈಯಿಂದ ಮುಚ್ಚಿಕೊಂಡು ಉಣ್ಣಲು ಶುರು ಮಾಡಿದ್ದಾರೆ. ಅಸಹ್ಯವಾಗುತ್ತದೆ.

ರೈಲಿನಲ್ಲಿ ಮನೆಗೆ ಬರುವಾಗ ಒಂದು ವಿಷಯ ಹೊಳೆಯಿತು. ಮಾರ್ಚ್‌ನಲ್ಲಿ ಏಣಿಯ ಪರವಾಗಿ ಎದ್ದು ನಿಲ್ಲುವವರು ತಾಲೀಮಿನ ಲೆಕ್ಕದಲ್ಲಿ ಕೆಳಗಿದ್ದರೆ, ಗಿಟ್ಟದವರ ಗೋಳು ಎಂದು ಕಿಪ್ ನಕ್ಕು ಕೂರಿಸುತ್ತಾನೆ. ಮೇಲಿದ್ದವರೇ ಹಂಚಿಕೊಳ್ಳೋಣ ಅಂದರೆ ಅವನೇ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ನನ್ನ ಲೆಕ್ಕ ಗಟ್ಟಿಯಾಗಿರಬೇಕು. ಮ್ಯಾರಿನೆಕ್ ಮಾರಾಟ ಮಾರ್ಚ್‌ವರೆಗೆ ಪೂರ್ತಿ ನನ್ನ ಹೆಸರಲ್ಲೇ ಇರಲಿ. ಅರ್ವಿಡ್‌ಗೋಸ್ಕರವೇ ಇದನ್ನು ಮಾಡುತ್ತಿರುವುದು.

ಅಕ್ಟೋಬರ್ 22, ಮಂಗಳವಾರ

ಮ್ಯಾರಿನೆಕ್ ಕಂಪನಿಯ ತೆರಿಗೆ ಕಾಗದಗಳನ್ನು ನಾನೇ ಓದಿದೆ. ತಲೆನೋವು ಬಂತು, ಆದರೆ ಅರ್ಥವಾಗದ್ದೇನಲ್ಲ. ಇದು ವಿಶೇಷ ಸ್ಥಾನ ಪಡೆದ ಕುಟುಂಬದ ಕಂಪನಿ. ಕಂಪನಿ ತೆರಿಗೆ ಕಟ್ಟುವುದಿಲ್ಲ, ಷೇರು ಇಟ್ಟುಕೊಂಡವರು ಅವರವರ ಪಾಲಿಗೆ ಕಟ್ಟುತ್ತಾರೆ. ಒಹಾಯೊದವರು ಒಳ್ಳೆಯ ಬೆಲೆ ಕೊಡುತ್ತಿರುವುದೇ ಆ ಸ್ಥಾನ ನೋಡಿ. ಇಂಥದ್ದೇ ಬೇರೊಂದು ಮಾರಾಟಕ್ಕೆ ಅರ್ವಿಡ್ ಹಿಂದೆ ಬರೆದುಕೊಟ್ಟಿದ್ದ ಟಿಪ್ಪಣಿ ನನ್ನ ಹತ್ತಿರ ಇತ್ತು. ಅದನ್ನೇ ಇದಕ್ಕೆ ಹೊಂದಿಸಿಕೊಂಡೆ. ಇಷ್ಟು ವರ್ಷ ಅವನ ಪಕ್ಕದಲ್ಲಿ ಕೂತು ಕೇಳಿದ್ದೇನೆ, ಇಷ್ಟೂ ಬರದಿದ್ದರೆ ಹೇಗೆ.

ಅವನೇ ಬಾಗಿಲಲ್ಲಿ ತಲೆ ಹಾಕಿದ. “ಟೆಸ್ ಮಾರ್ತಾರಂತೆ ಹೌದಾ?”

“ಇನ್ನೂ ಬರೀ ಮಾತು,” ಎಂದೆ.

“ಕಾಗದ ಬಂದ್ರೆ ಕೊಡು, ನೋಡ್ತೀನಿ. ಮನೆಮಂದಿ ಕಂಪನಿ, ಏನೇನು ಇರುತ್ತೋ.”

ಹೂಂ ಎಂದೆ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಈಚೆಗೆ ಈ ಮಹಡಿಯಲ್ಲಿ ಗದ್ದಲ ಜಾಸ್ತಿ.

ನವೆಂಬರ್ 14, ಗುರುವಾರ

ಸಿಸೆರೋಗೆ ಹೋಗಿದ್ದೆ. ಕಾರ್ಖಾನೆಯಲ್ಲಿ ಕಬ್ಬಿಣ ಕಾದ ವಾಸನೆ, ಟೆಸ್ ಅವರ ಕೋಣೆಯಲ್ಲಿ ಮಾತ್ರ ಕೊಲಾಚೆಯ ಪರಿಮಳ. ಎರಡು ತಿಂದೆ. ಗೋಡೆಯ ಮೇಲೆ ಅವರಪ್ಪನ ಫೋಟೋ, ಪಕ್ಕದಲ್ಲಿ ತಮ್ಮ ರೂಡಿಯದು. ರೂಡಿ ತೀರಿಕೊಂಡು ಮೂರು ವರ್ಷವಾಯಿತಂತೆ.

“ಆ ಉದ್ದ ಮನುಷ್ಯ ಬರ್ಲಿಲ್ವಾ?” ಎಂದು ಟೆಸ್ ಕೇಳಿದರು. “ತೆರಿಗೆಯವನು. ಅಪ್ಪ ಹೋದಾಗ ಬಂದು ಎಲ್ಲಾ ಕೆದಕಿ ಕೆದಕಿ ಕೇಳಿದ್ನಲ್ಲ.”

ಅವನಿಗೆ ಬೇರೆ ಕೆಲಸ ಜಾಸ್ತಿ, ತೆರಿಗೆಯನ್ನು ನಾನೇ ನೋಡುತ್ತಿದ್ದೇನೆ ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆಯ್ತಮ್ಮ, ನಿನಗೆ ಗೊತ್ತಿರುತ್ತೆ ಎಂದರು. ರೂಡಿಯ ಷೇರು ಈಗ ಅವನ ಮಕ್ಕಳ ಹೆಸರಿನ ಟ್ರಸ್ಟಿನಲ್ಲಿದೆ, ಅವರ ಸಹಿಯೂ ಬೇಕಾಗುತ್ತದಾ ಎಂದು ಕೇಳಿದರು. ಬೇಕಾಗುತ್ತದೆ ಎಂದು ಗುರುತು ಹಾಕಿಕೊಂಡೆ.

ನನ್ನ ಕಕ್ಷಿದಾರರು ನನ್ನ ಮೇಲೆ ಇಟ್ಟಿರುವ ಈ ನಂಬಿಕೆಯನ್ನು ಕಿಪ್ ಯಾವ ಚಿತ್ರದಲ್ಲಿ ತೋರಿಸುತ್ತಾನೋ ನೋಡಬೇಕು.

ನವೆಂಬರ್ 26, ಮಂಗಳವಾರ

ಅರ್ವಿಡ್ ಇಳಿದುಹೋಗಿದ್ದಾನೆ. ಊಟಕ್ಕೆ ನಾನೇ ಎಳೆದುಕೊಂಡು ಹೋದೆ. ಎರಡು ತಿಂಗಳಿಂದ ಅವನ ಕೋಣೆಗೆ ಯಾರೂ ಬರುತ್ತಿಲ್ಲವಂತೆ. ಮೊದಲು ಬಾಗಿಲ ಹೊರಗೆ ಜನ ಕಾಯುತ್ತಿದ್ದರು.

“ಈಗ ಎಲ್ರಿಗೂ ಇದ್ದಕ್ಕಿದ್ದ ಹಾಗೆ ತೆರಿಗೆ ಕಾನೂನು ಬಂದ್ಬಿಟ್ಟಿದೆ,” ಎಂದ. “ಗ್ಯಾರಿಕ್ ಮೊನ್ನೆ ಬಚ್ಚಲಲ್ಲಿ ಹಿಡ್ಕೊಂಡು ಒಂದು ಪ್ರಶ್ನೆ ಕೇಳ್ದ ಮಾರಾಯ್ತಿ. ಕೋಣೆಗೆ ಬಂದು ಕೇಳಿದ್ರೆ ಲೆಕ್ಕಕ್ಕೆ ಬರುತ್ತೆ ನೋಡು.”

ಇಬ್ಬರೂ ನಕ್ಕೆವು. ಆದರೆ ನನಗೆ ರಕ್ತ ಕುದಿಯಿತು. ಇಂಥ ಮನುಷ್ಯನನ್ನು ಬಚ್ಚಲಲ್ಲಿ ಹಿಡಿದು ಬಿಟ್ಟಿ ಕೇಳುವ ನೀಚರು. ಇವರಿಗೆಲ್ಲ ಮಾರ್ಚ್‌ನಲ್ಲಿ ಇದೆ. ಭಾಷಣಕ್ಕೆ ಮೊದಲ ಸಾಲುಗಳನ್ನು ಅಲ್ಲೇ ಕೈ ಒರೆಸುವ ಕಾಗದದ ಮೇಲೆ ಬರೆದುಕೊಂಡೆ.

ನವೆಂಬರ್ 28, ಗುರುವಾರ

ಹಬ್ಬದೂಟಕ್ಕೆ ಅಕ್ಕ ಊನಾಳ ಮನೆಗೆ ಹೋಗಿದ್ದೆ. ಟರ್ಕಿ ಕೋಳಿ ಒಣಗಿತ್ತು. ನಾನು ಕಿಪ್‌ನ ತಾಲೀಮಿನ ಲೆಕ್ಕದ ವಿಚಾರ ಹೇಳಲು ಶುರು ಮಾಡಿ ಸ್ವಲ್ಪ ಹೊತ್ತಾಗಿತ್ತೋ ಇಲ್ಲವೋ, ಊನಾ ಆಲೂಗಡ್ಡೆ ಬಡಿಸುತ್ತಾ, “ಮೊದ್ಲು ಬಂದಾಗ ಅವನು ಹೀಗಂದ ಇವನು ಹೀಗಂದ ಅಂತ ಜನರ ಕತೆ ಹೇಳ್ತಿದ್ದೆ. ಈಗ ಬರೀ ನಿನ್ ನಂಬರ್ ಹೇಳ್ತೀಯಲ್ಲೇ,” ಎಂದಳು.

ಅವಳು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಯುದ್ಧ ಏನೆಂದು ಅವಳಿಗೇನು ಗೊತ್ತು. ಕೊನೆಯ ಸಿಹಿ ತಿನ್ನದೆ ಎದ್ದು ಬಂದೆ.

ಡಿಸೆಂಬರ್ 13, ಶುಕ್ರವಾರ

ಮ್ಯಾರಿನೆಕ್ ಕಡತವನ್ನು ನಾನು ಮತ್ತು ನನ್ನ ಜೂನಿಯರ್ ಬಿಟ್ಟು ಬೇರೆ ಯಾರೂ ತೆರೆಯದಂತೆ ಕಂಪ್ಯೂಟರಿನವರಿಂದ ಬೀಗ ಹಾಕಿಸಿದೆ. ಗ್ಯಾರಿಕ್‌ನಂಥವರು ಓಡಾಡುವ ಜಾಗದಲ್ಲಿ ಎಚ್ಚರದಿಂದಿರಬೇಕು. ಅರ್ವಿಡ್ ಎರಡು ಸಲ ಊಟಕ್ಕೆ ಕರೆದ. ಆಗಲಿಲ್ಲ.

ಜನವರಿ 9, ಗುರುವಾರ

ಕಿಪ್ ತಾನೇ ನನ್ನ ಕೋಣೆಗೆ ಬಂದ. ಕೋಟಿಲ್ಲದೆ, ಬರೀ ಆ ಹತ್ತಿ ತುಂಬಿದ ತೋಳಿಲ್ಲದ ಅಂಗಿಯಲ್ಲಿ. ಬೆಟ್ಟ ಹತ್ತಲು ಹೊರಟವನಂತೆ. ಕೂತುಕೋ ಎಂದು ನಾನು ಹೇಳಲಿಲ್ಲ, ಅವನೇ ಕೂತ.

“ತಾಲೀಮಿನ ಲೆಕ್ಕ ನೋಡ್ದೆ,” ಎಂದ. “ಇಡೀ ಫರ್ಮಲ್ಲಿ ನೀವು ನಾಲ್ಕನೆಯವರು. ಏಣಿಯಿಂದ ನಿಮಗೆ ಎಷ್ಟು ನಷ್ಟ ಆಗ್ತಿದೆ ಅಂತ ಯೋಚನೆ ಮಾಡಿದೀರಾ?”

“ನಿನಗೆ ದುಡ್ಡು ಬಿಟ್ರೆ ಬೇರೆ ಯೋಚನೆ ಬರಲ್ವಾ ಕಿಪ್?”

“ಬರುತ್ತೆ. ಒಂದ್ಕಡೆ ತೆರಿಗೆ ವಿಭಾಗ ಖಾಲಿ ಕೂತಿದೆ, ಇನ್ನೊಂದ್ಕಡೆ ಯಾರಿಗೂ ತೆರಿಗೆ ಸಮಸ್ಯೆಯೇ ಇಲ್ಲ. ಅದು ಹೇಗೆ ಅಂತ ಯೋಚನೆ ಬರುತ್ತೆ.”

ನೀನೇ ಹಚ್ಚಿದ ಬೆಂಕಿ, ನೀನೇ ಉತ್ತರ ಹುಡುಕಿಕೋ ಎಂದು ಎಬ್ಬಿಸಿ ಕಳಿಸಿದೆ. ಅವನು ಹೋದ ಮೇಲೆ ಮೇಲಿನ ಮೂವರು ಯಾರಿರಬಹುದು ಎಂದು ಲೆಕ್ಕ ಹಾಕಿದೆ. ಒಬ್ಬ ಗ್ಯಾರಿಕ್ ಇರಬೇಕು. ಮ್ಯಾರಿನೆಕ್ ಮುಗಿದರೆ ಅವನನ್ನು ದಾಟುತ್ತೇನೆ. ಏಣಿಗೆ ಅದರಿಂದ ಎಷ್ಟು ಬಲ ಬರುತ್ತದೆ.

ಫೆಬ್ರವರಿ 6, ಗುರುವಾರ

ಏನು ಬರೆಯಲಿ. ಬೆಳಿಗ್ಗೆ ಒಹಾಯೊದವರ ವಕೀಲರಿಂದ ಪತ್ರ. ಸಹಿಗೆ ಇನ್ನು ಎರಡೇ ವಾರ ಇತ್ತು. ರೂಡಿಯ ಷೇರು ಟ್ರಸ್ಟಿಗೆ ಹೋದಾಗ ತೆರಿಗೆ ಇಲಾಖೆಗೆ ಒಂದು ಕಾಗದ ಸಲ್ಲಿಸಬೇಕಿತ್ತಂತೆ. ಯಾರೂ ಸಲ್ಲಿಸಿಲ್ಲ. ಸಲ್ಲಿಸದಿದ್ದರೆ ಕಂಪನಿಯ ವಿಶೇಷ ಸ್ಥಾನ ಅವತ್ತೇ ಬಿದ್ದುಹೋದಂತೆ. ಅಂದರೆ ಮೂರು ವರ್ಷದ ತೆರಿಗೆ ಕಂಪನಿಯ ತಲೆಯ ಮೇಲಿದೆ, ಹೇಳಿದ ಬೆಲೆಗೆ ಕೊಳ್ಳಲು ಅವರು ತಯಾರಿಲ್ಲ.

ಅರ್ವಿಡ್‌ನ ಕೋಣೆಗೆ ಹೋದೆ. ಅವನು ಪತ್ರ ಓದುತ್ತಾ ಇದ್ದಂತೆ ಕಾಲು ಕುಣಿಸುವುದನ್ನು ನಿಲ್ಲಿಸಿದ.

“ಇದು ಎಲ್ರೂ ಮಾಡೋ ತಪ್ಪೇ. ತಡವಾಗಿ ಕೊಟ್ರೂ ಇಲಾಖೆಯವರು ತಗೋತಾರೆ, ಅದಕ್ಕೇ ಅಂತ ಒಂದು ಗಡುವಿದೆ,” ಎಂದವನು ದಿನಾಂಕ ನೋಡಿ ಕನ್ನಡಕ ತೆಗೆದಿಟ್ಟ. “ಹೋದ ತಿಂಗಳು ಮುಗೀತಲ್ಲ.”

ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟ.

“ಈ ಕೆಲಸ ಯಾವತ್ತಿಂದ ನಿನ್ ಹತ್ರ ಇದೆ?”

“ಸೆಪ್ಟೆಂಬರ್.”

“ನಾನು ಬಾಗಿಲಿಗೆ ಬಂದು ಕೇಳ್ದಾಗ್ಲೂ ಇತ್ತು.”

“ಇತ್ತು.”

“ಅವತ್ತು ಕೊಟ್ಟಿದ್ರೆ ಒಂದು ಮಧ್ಯಾಹ್ನದ ಕೆಲಸ ಮೊರೀನ್,” ಎಂದ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಕಡತ ತೆರೆಯಲು ಹೋದ, ಬೀಗ ಬಿದ್ದಿತ್ತು. ನಾನು ಹೋಗಿ ತೆಗೆಸಿಕೊಟ್ಟೆ.

ತಪ್ಪು ಟೆಸ್ ಅವರ ಅಕೌಂಟೆಂಟಿನದು. ಆ ಕಾಗದ ಸಲ್ಲಿಸಬೇಕಾಗಿದ್ದವನು ಅವನು. ಇದನ್ನು ಎಲ್ಲರೂ ಮರೆಯುತ್ತಾರೆ.

ಫೆಬ್ರವರಿ 20, ಗುರುವಾರ

ಅರ್ವಿಡ್ ಎರಡು ವಾರ ಬೇರೇನೂ ಮಾಡಿಲ್ಲ. ವಾಷಿಂಗ್ಟನ್ನಿನ ತೆರಿಗೆ ಇಲಾಖೆಗೆ ದೊಡ್ಡ ಅರ್ಜಿ ಬರೆದ. ಸ್ಥಾನವನ್ನು ಉಳಿಸಿಕೊಡಿ ಎಂದು ಕೇಳಿಕೊಳ್ಳುವ ಅರ್ಜಿ, ಉತ್ತರ ಬರಲು ಎಷ್ಟು ತಿಂಗಳೋ. ಒಹಾಯೊದವರ ತೆರಿಗೆ ವಕೀಲನಿಗೆ ತಾನೇ ಫೋನ್ ಮಾಡಿ, ಗಂಟೆಗಟ್ಟಲೆ ಜಗಳವಾಡಿ, ಅವರು ಎದ್ದುಹೋಗದಂತೆ ಹಿಡಿದ. ಬೆಲೆ ಇಳಿಯಿತು. ಉಳಿದದ್ದರಲ್ಲೂ ಒಂದು ಭಾಗವನ್ನು ಉತ್ತರ ಬರುವವರೆಗೆ ತಡೆಹಿಡಿಯುತ್ತಾರೆ. ಮಾರಾಟ ಅಂತೂ ಇವತ್ತು ಆಯಿತು.

ಟೆಸ್ ಸಹಿ ಹಾಕುವಾಗ ನನ್ನ ಮುಖ ನೋಡಲಿಲ್ಲ. ಹೊರಡುವಾಗ ಕೋಟು ಹಾಕಿಕೊಳ್ಳುತ್ತಾ ಹೇಳಿದರು: “ನಮ್ಮ ಹಳಬರಿಗೆ ಕೊಡೋಕೆ ಈಗ ಏನೂ ಉಳೀಲಿಲ್ಲ. ಸೋಮವಾರ ನಾನೇ ಹೋಗಿ ಅವರೆದುರು ನಿಂತು ಹೇಳ್ಬೇಕು. ಆ ಉದ್ದ ಮನುಷ್ಯ ಬರ್ಲಿಲ್ವಾ ಅಂತ ನಾನು ಅವತ್ತೇ ಕೇಳಿದ್ನಲ್ಲೇ.”

ಅಕೌಂಟೆಂಟಿನ ವಿಷಯ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುದುಕರಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿರುತ್ತದೆ, ನಾನು ಎದುರಿಗಿದ್ದೆ.

ಅರ್ವಿಡ್‌ನ ಪಾಲಿನ ಮಾತು ಕಿಪ್‌ನ ಕಚೇರಿಯಿಂದ ಬಂತು: ‘ತಂದವರು’ ಜಾಗದಲ್ಲಿ ಬದಲಾವಣೆ ಇದೆಯೇ ಎಂದು. ಮತದಾನಕ್ಕೆ ಎರಡು ವಾರ ಇರುವಾಗ ಈಗ ಕೈ ಹಾಕುವುದು ಬೇಡ. ಇಲ್ಲ ಎಂದು ಉತ್ತರಿಸಿದೆ. ಮಾರ್ಚ್ ಆದ ಮೇಲೆ ಆ ಜಾಗವೇ ಇರುವುದಿಲ್ಲ.

ಮಾರ್ಚ್ 6, ಗುರುವಾರ

ಸೋತೆವು.

ಮಾರ್ಚ್ 7, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಈಗಲೂ ಸಿಟ್ಟಿನಲ್ಲಿ ಪೆನ್ನು ಕಾಗದ ಹರಿಯುತ್ತಿದೆ.

ನನ್ನ ಭಾಷಣ ಚೆನ್ನಾಗಿತ್ತು. ಇಡೀ ಕೋಣೆ ಉಸಿರು ಬಿಗಿ ಹಿಡಿದು ಕೇಳಿತು. ಏಣಿ ಎಂದರೆ ದುಡ್ಡಿನ ಲೆಕ್ಕವಲ್ಲ ಎಂದೆ. “ಪಕ್ಕದ ಕೋಣೆ ಬಾಗಿಲು ತಟ್ಟೋಕೆ ಮುಂಚೆ ಲೆಕ್ಕ ಹಾಕ್ಬೇಕಾಗಿಲ್ಲ ಅನ್ನೋ ಧೈರ್ಯ ಅದು,” ಎಂದೆ. ತಾಲೀಮಿನ ಲೆಕ್ಕದಲ್ಲಿ ಮೂರನೆಯ ಜಾಗದಲ್ಲಿದ್ದೂ ನಾನು ಇದನ್ನು ಹೇಳುತ್ತಿದ್ದೇನೆ ಎಂದೆ. ಹೌದು, ಮೂರನೆಯ ಜಾಗ. ಕಿಪ್ ತಾನೇ ಓದಿ ಹೇಳಿದ. ಕಿರಿಯರು ಮೇಜು ತಟ್ಟಿದರು. ಅರ್ವಿಡ್ ಕಿಟಕಿಯಾಚೆ ನದಿಯನ್ನು ನೋಡುತ್ತಾ ಕೂತಿದ್ದ.

ಇಲ್ಲಿ ಮತ ಕೇಳುವುದು ಏಣಿಯ ಕೆಳಗಿನ ಮೆಟ್ಟಿಲಿನಿಂದ, ಹಿರಿಯರ ಮುಖ ನೋಡಿ ಕಿರಿಯರು ಕೈ ಎತ್ತಬಾರದೆಂದು. ಒಬ್ಬೊಬ್ಬರೇ ಎದ್ದು ಬಾಯಲ್ಲೇ ಹೇಳಬೇಕು. ಕಿರಿಯರಲ್ಲಿ ಹೆಚ್ಚಿನವರು ಏಣಿ ಎಂದರು. ನಡುವಿನವರು ಒಡೆದರು. ನಮ್ಮ ಮೆಟ್ಟಿಲಿಗೆ ಬರುವಾಗ ನಾವು ಸ್ವಲ್ಪ ಮುಂದಿದ್ದೆವು. ನಾನು ಎದ್ದು ಏಣಿ ಎಂದೆ. ನನ್ನ ನಂತರ ಇಬ್ಬರು. ಆಮೇಲೆ ಅರ್ವಿಡ್ ಎದ್ದ, ಕೋಟಿನ ಗುಂಡಿ ಹಾಕಿಕೊಂಡ.

“ಹೊಸದು,” ಎಂದ.

ಕಿಪ್ ಕೂಡ ತಪ್ಪಾಗಿ ಕೇಳಿಸಿತೇನೋ ಎಂಬಂತೆ ತಲೆ ಎತ್ತಿದ. ಇಡೀ ಫರ್ಮಿನಲ್ಲಿ ಏಣಿಯಿಂದ ಬದುಕಿದ್ದ ಒಬ್ಬ ಮನುಷ್ಯ ಇದ್ದರೆ ಅದು ಅರ್ವಿಡ್. ಅವನಿಗೇ ಬೇಡವಾದ ಮೇಲೆ ನಮಗೇಕೆ ಎಂದು ಅವನ ಮೇಲಿನ ಮೆಟ್ಟಿಲಿನ ಮುದುಕರು ಒಬ್ಬರ ಹಿಂದೊಬ್ಬರು ಹೊಸದು ಎಂದರು. ಕುರಿಗಳು.

ಮೊಗಸಾಲೆಯಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದೆ. ನಿನಗೇನು ತಲೆ ಕೆಟ್ಟಿದೆಯಾ, ನಾನು ಆರು ತಿಂಗಳು ಹೊಡೆದಾಡಿದ್ದು ಯಾರಿಗೋಸ್ಕರ ಎಂದು ಕೇಳಿದೆ. ಸುತ್ತಮುತ್ತ ಜನ ಇದ್ದರು, ಇರಲಿ ಎಂದುಕೊಂಡೆ.

“ನಿನ್ ಭಾಷಣ ಚೆನ್ನಾಗಿತ್ತು,” ಎಂದ. “ನೀನು ಹೇಳಿದ್ಯಲ್ಲ, ಬಾಗಿಲು ತಟ್ಟೋದು, ಅದು ಈಗ ಇಲ್ಲ ಕಣೇ. ಇಲ್ಲಿ ಯಾರೂ ತಟ್ಟಲ್ಲ. ಹಾಗಿದ್ಮೇಲೆ ಸಮಪಾಲು ಅಂತ ನಾನು ತಿಂಗಳಾ ತಿಂಗಳಾ ತಗೊಳ್ಳೋದು ಭಿಕ್ಷೆ. ನನಗೆ ಅದು ಬೇಡ.”

“ಅದೆಲ್ಲ ಗ್ಯಾರಿಕ್‌ನಂಥವರ ಕೆಲಸ. ಅದಕ್ಕೆ ನನ್ನ ಮೇಲೆ ಯಾಕೆ ತೀರಿಸ್ಕೋತೀಯ?”

ಅವನು ನನ್ನನ್ನು ನೋಡಿದ. ನನ್ನ ಕೈಯನ್ನು ತೋಳಿನಿಂದ ಮೆಲ್ಲಗೆ ಬಿಡಿಸಿ ತನ್ನ ಕೋಣೆಗೆ ಹೋದ.

ಇಪ್ಪತ್ತಾರು ವರ್ಷದ ಸ್ನೇಹ. ಬೆನ್ನಿಗೆ ಚೂರಿ ಹಾಕಿದ್ದಲ್ಲದೆ ಮಾತಿನಲ್ಲೂ ಸಣ್ಣವಳನ್ನಾಗಿ ಮಾಡಿದ. ಅಳು ಬಂತು. ಅವನಿಗೋಸ್ಕರ ಅಲ್ಲ, ಏಣಿಗೋಸ್ಕರ.

ಏಪ್ರಿಲ್ 3, ಗುರುವಾರ

ಯಾರಿಗೆ ಎಷ್ಟು ಪಾಲು, ಯಾರು ಉಳಿಯಬೇಕು ಎಂದು ನಿರ್ಧರಿಸುವ ಹೊಸ ಸಮಿತಿಯಲ್ಲಿ ಕೂರಬೇಕೆಂದು ಕಿಪ್ ಕೇಳಿದ. 

“ಈ ಪದ್ಧತಿ ಹೇಗೆ ನಡೆಯುತ್ತೆ ಅಂತ ನಿಮ್ಮಷ್ಟು ಚೆನ್ನಾಗಿ ಗೊತ್ತಿರೋರು ಇಲ್ಲಿ ಯಾರೂ ಇಲ್ಲ,” ಎಂದ. ಹೊಗಳುತ್ತಿದ್ದನೋ ಚುಚ್ಚುತ್ತಿದ್ದನೋ ತಿಳಿಯಲಿಲ್ಲ. ಎರಡೂ ಇರಬಹುದು, ಅವನು ಅಂಥವನೇ.

ಉಗಿದು ಕಳಿಸಬೇಕೆಂದಿದ್ದೆ. ಆಮೇಲೆ ಯೋಚಿಸಿದೆ. ನಾನಿಲ್ಲದಿದ್ದರೆ ಆ ಕುರ್ಚಿಯಲ್ಲಿ ಗ್ಯಾರಿಕ್ ಕೂರುತ್ತಾನೆ. ಅರ್ವಿಡ್‌ನಂಥವರನ್ನು ಅವನು ಹರಿದು ತಿನ್ನುತ್ತಾನೆ. ಅರ್ವಿಡ್ ನನಗೆ ಏನೇ ಮಾಡಿರಲಿ, ನಾನು ಸಣ್ಣತನ ಮಾಡುವವಳಲ್ಲ. ಒಪ್ಪಿಕೊಂಡೆ.

ಏಪ್ರಿಲ್ 24, ಗುರುವಾರ

ಸಮಿತಿಯ ಮೊದಲ ಸಭೆ. ಒಳ್ಳೆಯ ಕಾಫಿ ತರಿಸಿದ್ದರು. ಐದು ಜನ, ಬೆಳಗಿನಿಂದ ಒಂದೊಂದೇ ಹೆಸರು. ಗ್ಯಾರಿಕ್‌ನಿಗೆ ಅವನು ಅಂದುಕೊಂಡದ್ದಕ್ಕಿಂತ ಕಡಿಮೆ ಬರುವಂತೆ ನೋಡಿಕೊಂಡೆ, ಅದೊಂದು ಸಮಾಧಾನ.

ಅರ್ವಿಡ್‌ನ ಹೆಸರು ಊಟಕ್ಕೆ ಸ್ವಲ್ಪ ಮೊದಲು ಬಂತು. ತಂದ ಕಕ್ಷಿದಾರರು: ಸೊನ್ನೆ. ದುಡಿದ ಗಂಟೆ: ವರ್ಷದಲ್ಲೇ ಎಲ್ಲರಿಗಿಂತ ಕಡಿಮೆ, ಫೆಬ್ರವರಿಯಲ್ಲಿ ಮಾತ್ರ ಒಂದಷ್ಟು, ಎಲ್ಲವೂ ಮ್ಯಾರಿನೆಕ್ ಮಾರಾಟದ ಮೇಲೆ.

ಕಿಪ್ ನನ್ನ ಕಡೆ ತಿರುಗಿದ. “ಇದು ನಿಮ್ಮ ಕಡತ. ಇದರಲ್ಲಿ ಸ್ಯಾಂಡೆಲ್ ಮಾಡಿದ್ದೇನು? ದೊಡ್ಡದೇನಾದ್ರೂ ಇದ್ರೆ ಹೇಳಿ, ಅವರನ್ನ ಫರ್ಮಲ್ಲಿ ಉಳಿಸ್ಕೊಳ್ಳೋಕೆ ಅದೊಂದೇ ದಾರಿ ಇರೋದು.”

ನಾಲ್ಕೂ ಜನ ನನ್ನನ್ನೇ ನೋಡುತ್ತಿದ್ದರು. ಅವನು ಮಾರಾಟವನ್ನೇ ಉಳಿಸಿದ ಎಂದು ಹೇಳಬಹುದಿತ್ತು. ಹೇಳಿದರೆ ಯಾವುದರಿಂದ ಉಳಿಸಿದ ಎಂದು ಕೇಳುತ್ತಾರೆ. ಮೊದಲ ಸಭೆಯಲ್ಲೇ ನನ್ನ ಮಾತಿನ ತೂಕ ಹೋದರೆ, ಮುಂದೆ ಬರುವ ಇಂಥವರಿಗೆ ನಾನು ಏನು ಸಹಾಯ ಮಾಡಿಯೇನು.

“ಕೊನೇಲಿ ಸ್ವಲ್ಪ ಕಾಗದಪತ್ರ ನೋಡಿಕೊಟ್ರು,” ಎಂದೆ.

ಕಿಪ್ ಬರೆದುಕೊಂಡ. ಜೂನ್ ಕೊನೆಯವರೆಗೆ ಅರ್ವಿಡ್ ಪಾಲುದಾರನಾಗಿರುತ್ತಾನೆ. ನಾಲ್ವರೂ ಮೇ ಕೊನೆ ಸಾಕು ಎಂದಿದ್ದರು, ಜೂನ್ ಎಂದು ಪಟ್ಟು ಹಿಡಿದದ್ದು ನಾನು. ಆಮೇಲೆ ಊಟಕ್ಕೆ ಎದ್ದೆವು.

ನಾಳೆ ಅವನ ಕೋಣೆಗೆ ಹೋಗಬೇಕು. ಅವನ ಪರವಾಗಿ ಮಾತಾಡಲು ಅಲ್ಲಿ ನಾನೊಬ್ಬಳಾದರೂ ಇದ್ದೆ ಎಂದು ಹೇಳಬೇಕು. ಅದನ್ನು ತಿಳಿದರೆ ಅವನಿಗೆ ಸ್ವಲ್ಪ ಸಮಾಧಾನವಾಗಬಹುದು.